ಆ ಚೀಲ ಬಿಸಾಕ್ಬೇಡಿ ತಾಯಿ

ಈ ತಿಂಗಳ ಪತ್ರ ಮಂಡ್ಯದ ಗುತ್ತಲು ಕಡೆಯಿಂದ ಬಂದಿದೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ.

"ಸಾರ್, ನಮ್ಮೆಜಮಾನ್ರಿಗೆ 41 ವರ್ಷ. ಹೋದ ಶ್ರಾವಣದಲ್ಲಿ ಎದೆನೋವು ಬಂದು ಎರಡು ಸ್ಟೆಂಟ್ ಹಾಕಿದ್ರು. ಬೀಡಿ ಸಿಗರೇಟು ಮುಟ್ಟಿದೋರಲ್ಲ. ಮೂರು ವರ್ಷದ ಕೂಸಾಗಿದ್ದಾಗ ನ್ಯುಮೋನಿಯಾ ಆಗಿ ಹದಿನೈದು ದಿನ ಆಸ್ಪತ್ರೇಲಿದ್ರಂತೆ, ಆವಾಗ್ಲೇ ಎದೆ ಸೋತೋಯ್ತು ಅಂತಾರೆ ನಮ್ಮತ್ತೆ. ಫಾರ್ಮಸಿ ಓದಿರೋ ಮೈದುನ ಇದಕ್ಕೆ ನಗ್ತಾನೆ, ಇದೆಲ್ಲ ಕೊಲೆಸ್ಟ್ರಾಲ್, ಬಿಪಿಯಿಂದ ಬರೋದು ಅಂತಾನೆ. ಯಾರ ಮಾತು ನಿಜ? ಅತ್ತೆ ಹಳೇ ಆಸ್ಪತ್ರೆ ಚೀಟಿಗಳನ್ನ ಒಂದು ಚೀಲದಲ್ಲಿ ಇಟ್ಟಿದಾರೆ, ಮನೆ ಬದಲಾಯಿಸ್ತಿದೀವಿ, ಬಿಸಾಕ್ಲಾ?"

ತಾಯಿ, ಮೊದಲನೇ ಪ್ರಶ್ನೆ ದೊಡ್ಡದು ಅಂತ ನೀವಂದ್ಕೊಂಡಿದೀರ, ನನ್ನ ನಿದ್ದೆ ಕೆಡಿಸಿದ್ದು ಎರಡನೇದು. ಬಿಸಾಕ್ಲಾ ಅಂತ ಕೇಳ್ತೀರಲ್ಲ!

ಮೈದುನಂದು ಮೊದ್ಲು ಮುಗಿಸಿಬಿಡ್ತೀನಿ. ಅವರು ಹೇಳಿದ್ದು ಸುಳ್ಳಲ್ಲ. ಕೊಲೆಸ್ಟ್ರಾಲ್, ಬಿಪಿ, ಶುಗರ್, ಹೊಗೆಸೊಪ್ಪು, ಕೂತಲ್ಲೇ ಕೂರೋ ಕೆಲಸ, ವಂಶದಲ್ಲಿ ಬಂದಿದ್ದು, ದೊಡ್ಡ ಕಾರಣಗಳು ಇವೇ. ಡಾಕ್ಟ್ರು ಕೊಟ್ಟ ಮಾತ್ರೆ ಒಂದಿನಾನೂ ತಪ್ಪಿಸ್ಬಾರ್ದು, ಸ್ಟೆಂಟ್ ಹಾಕಿದ್ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಕೊಡ್ತಾರಲ್ಲ, ಅದನ್ನಂತೂ ಅವರನ್ನ ಕೇಳ್ದೆ ನಿಲ್ಲಿಸೋ ಮಾತೇ ಇಲ್ಲ. ಆಯ್ತು, ಅವರ ಪಾಲು ಅವರಿಗೆ ಕೊಟ್ಟೆ. ಆದ್ರೆ ಹೆತ್ತ ತಾಯಿ ಹೇಳೋವಾಗ ನಗೋದು ಯಾವ ಫಾರ್ಮಸಿ ಪುಸ್ತಕದಲ್ಲಿದೆ?

ಹೃದಯದ ನಾಳದ ಕಾಯಿಲೆ ನಲವತ್ತಕ್ಕೆ ಹುಟ್ಟಿ ನಲವತ್ತೊಂದಕ್ಕೆ ಬಾಗಿಲು ತಟ್ಟಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ಬಿಚ್ಚಿ ನೋಡಿ 1953ರಲ್ಲಿ ಒಂದು ವರದಿ ಬರೆದ್ರು, ಸರಾಸರಿ ವಯಸ್ಸು 22, ಅಂಥ ಗಟ್ಟಿಮುಟ್ಟಾದ ಹುಡುಗರಲ್ಲೇ ನೂರಕ್ಕೆ 77 ಜನರ ನಾಳದಲ್ಲಿ ಆಗ್ಲೇ ಕಾಯಿಲೆ ಶುರುವಾಗಿತ್ತು. ಅಂದ್ಮೇಲೆ ಮೂರನೇ ವರ್ಷದಲ್ಲಿ ಏನಾಗಿತ್ತು ಅಂತ ಕೇಳೋದು ಅಜ್ಜಿಕತೆ ಹೇಗಾಗುತ್ತೆ?

ಮಕ್ಕಳ ಜ್ವರ ನೇರವಾಗಿ ಹೃದಯದ ನಾಳಕ್ಕೇ ಕೈ ಹಾಕೋದೂ ಉಂಟು. ಕವಾಸಾಕಿ ಅಂದ್ರೆ ನಮ್ಮ ಕಡೆ ಬೈಕು ನೆನಪಾಗುತ್ತೆ, ನಾನು ಹೇಳ್ತಿರೋದು ಟೋಮಿಸಾಕು ಕವಾಸಾಕಿ ಅನ್ನೋ ಜಪಾನಿನ ಮಕ್ಕಳ ಡಾಕ್ಟ್ರನ್ನ. 1961ರಲ್ಲಿ ಟೋಕಿಯೋದಲ್ಲಿ ಅವರ ಹತ್ರ ನಾಲ್ಕು ವರ್ಷದ ಒಬ್ಬ ಹುಡುಗ ಬಂದ. ಇಳಿಯದ ಜ್ವರ, ಪಿಚ್ಚಿಲ್ಲದೆ ಕೆಂಪಾದ ಕಣ್ಣು, ಒಡೆದ ತುಟಿ, ಸ್ಟ್ರಾಬೆರಿ ಹಣ್ಣಿನ ಥರ ನಾಲಿಗೆ, ಮೈಮೇಲೆ ಗಂಧೆ, ಊದಿದ ಕೈಕಾಲು. ಯಾವ ಪುಸ್ತಕದಲ್ಲೂ ಇಲ್ಲ. ಬೇರೆಯವರಾಗಿದ್ರೆ ಯಾವುದೋ ಒಂದು ಹೆಸರು ಗೀಚಿ ಮನೆಗೆ ಕಳಿಸೋರು, ಈತ ಬರೆದಿಟ್ಕೊಂಡ್ರು. ಇನ್ನೊಂದು ಬಂತು, ಅದನ್ನೂ ಬರೆದ್ರು. 1967ಕ್ಕೆ 50 ಮಕ್ಕಳ ವಿವರ ಸೇರಿಸಿ ಅಚ್ಚು ಹಾಕಿಸಿದ್ರು. ಆಮೇಲೆ ಗೊತ್ತಾಗಿದ್ದು ಏನಂದ್ರೆ ಚಿಕಿತ್ಸೆ ಸಿಗದಿದ್ರೆ ಈ ಕಾಯಿಲೆ ಬಂದ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಹೃದಯದ ನಾಳ ಬಲೂನಿನ ಹಾಗೆ ಉಬ್ಬುತ್ತೆ, ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನು) ಡ್ರಿಪ್ ಕೊಟ್ರೆ ಅದು ನೂರಕ್ಕೆ ಐದರ ಒಳಗೆ ಇಳಿಯುತ್ತೆ. ಯಾವ ಸೋಂಕು ಇದನ್ನ ಎಬ್ಬಿಸುತ್ತೆ ಅಂತ ಇವತ್ತಿಗೂ ಯಾರೂ ಕಂಡುಹಿಡಿದಿಲ್ಲ. ಐದು ದಿನ ಜ್ವರ ಇಳಿದಿಲ್ಲ, ಮೇಲೆ ಹೇಳಿದ್ರಲ್ಲಿ ಕೆಲವು ಕಾಣ್ತಿದೆ ಅಂದ್ರೆ ಅಮ್ಮ ಆಗಿದೆ ಅಂತ ಬೇವಿನಸೊಪ್ಪು ಹಾಸಿ ಮಲಗಿಸ್ಬೇಡಿ, ಮಕ್ಕಳ ಡಾಕ್ಟ್ರ ಹತ್ರ ಓಡಿ.

ನಿಮ್ಮೆಜಮಾನ್ರಿಗೆ ಆಗಿದ್ದು ನ್ಯುಮೋನಿಯಾ, ಅದು ಬೇರೆ. ಅದಕ್ಕೆ ಫಿನ್ಲೆಂಡಿಗೆ ಹೋಗ್ಬೇಕು. ಅಲ್ಲಿ 1980ರಲ್ಲಿ 3ರಿಂದ 18 ವರ್ಷದ 3596 ಮಕ್ಕಳನ್ನ ಸೇರಿಸ್ಕೊಂಡು, ಅವರು ದೊಡ್ಡೋರಾಗೋವರೆಗೂ ಬೆನ್ನು ಬಿಡದೆ ನೋಡ್ತಾ ಬಂದ್ರು. ಐದು ವರ್ಷದೊಳಗೆ ಸೋಂಕಾಗಿ ಆಸ್ಪತ್ರೆಗೆ ಸೇರಿದ್ದೋರಲ್ಲಿ ದೊಡ್ಡೋರಾದ್ಮೇಲೆ ರಕ್ತನಾಳ ಹಿಗ್ಗೋ ಗುಣ ಒಂಚೂರು ಕಮ್ಮಿ ಕಾಣ್ತು. ಒಂಚೂರು, ನೆನಪಿರ್ಲಿ. ಇಕ್ಕಟ್ಟಿನ ಮನೆ, ಬಡತನ ಇದ್ದಲ್ಲಿ ಸೋಂಕೂ ಜಾಸ್ತಿ ಹೃದಯದ ಕಾಯಿಲೆನೂ ಜಾಸ್ತಿ, ಹಂಗಾಗಿ ಯಾವುದರಿಂದ ಯಾವುದು ಅಂತ ಗೆರೆ ಕೊಯ್ದಂಗೆ ಹೇಳಕ್ಕಾಗಲ್ಲ. ಅದೇ ಫಿನ್ಲೆಂಡಿಂದ 1988ರಲ್ಲಿ ಹೃದಯದ ಕಾಯಿಲೆಗೂ ಕ್ಲಮೈಡಿಯಾ ನ್ಯುಮೋನಿಯೆ ಅನ್ನೋ ಬ್ಯಾಕ್ಟೀರಿಯಾಗೂ ನಂಟಿದೆ ಅಂತ ಸುದ್ದಿ ಬಂದು ಎಲ್ರೂ ಕುಣಿದಿದ್ರು. ಆಮೇಲೆ ನಾಲ್ಕು ಸಾವಿರ ಹೃದ್ರೋಗಿಗಳಲ್ಲಿ ಅರ್ಧ ಜನಕ್ಕೆ ಒಂದು ವರ್ಷ ವಾರಕ್ಕೊಂದ್ಸಲ ಬ್ಯಾಕ್ಟೀರಿಯಾ ಕೊಲ್ಲೋ ಅಜಿತ್ರೋಮೈಸಿನ್, ಉಳಿದೋರಿಗೆ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದ್ರು, ಏನೂ ಉಪಯೋಗ ಆಗ್ಲಿಲ್ಲ ಅಂತ 2005ರಲ್ಲಿ ಬರೆದ್ರು. ಇದನ್ನೂ ನಾನೇ ಹೇಳಿದೀನಿ, ಮುಚ್ಚಿಟ್ಟಿಲ್ಲ. ಅತ್ತೆ ಹೇಳಿದ ಹಾಗೆ ಎದೆ ಆವತ್ತೇ ಸೋತಿತ್ತು ಅನ್ನಕ್ಕೆ ಆಧಾರ ಇಲ್ಲ, ನಾಳದ ಮೇಲೆ ಒಂದು ಸಣ್ಣ ಗುರುತು ಉಳಿದಿದ್ರೂ ಉಳಿದಿರ್ಬಹುದು ಅನ್ನಬಹುದು. ನನ್ನ ವೋಟು ಅತ್ತೆಗೇ.

ಈಗ ಚೀಲ. ದೂರದ ಉದಾಹರಣೆ ಸಾಕು, ನಮ್ಮ ಮೈಸೂರಿಗೆ ಬನ್ನಿ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅಂದ್ರೆ ಆಟೋದವರು ಮುಖ ನೋಡ್ತಾರೆ, ಮಿಷನ್ ಆಸ್ಪತ್ರೆ ಅನ್ನಿ. ಅಲ್ಲಿ 1934ರಿಂದ ಹುಟ್ಟಿದ ಕೂಸಿನ ತೂಕ, ಉದ್ದ, ತಲೆ ಸುತ್ತಳತೆ ಎಲ್ಲ ಬರೆದಿಡೋರು. ಯಾಕೆ ಬರೀಬೇಕು ಅಂತ ಗೊಣಗದೆ ಬರೆದ್ರು ನೋಡಿ, ಆ ಕಾಗದ ಹಂಗೇ ಉಳೀತು. ಅರವತ್ತು ವರ್ಷ ಆದ್ಮೇಲೆ ಸಂಶೋಧಕರು ಅದನ್ನ ಹಿಡ್ಕೊಂಡು 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಇನ್ನೂ ಆ ಸುತ್ತಮುತ್ತಲೇ ಇದ್ದ 517 ಜನರನ್ನ ಹುಡುಕಿ ಪರೀಕ್ಷೆ ಮಾಡಿದ್ರು. ಎರಡೂವರೆ ಕೆಜಿ ಒಳಗೆ ಹುಟ್ಟಿದೋರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ನಾಳದ ಕಾಯಿಲೆ, ಮೂರು ಕೆಜಿ ದಾಟಿ ದುಂಡಗೆ ಹುಟ್ಟಿದೋರಲ್ಲಿ 3. ಇದು 1996ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ತೂಕದ ಲೆಕ್ಕ ಇದು, ಸೋಂಕಿನ ಲೆಕ್ಕ ಅಲ್ಲ, ನಿಮ್ಮ ಮೈದುನ ಎತ್ತಿ ತೋರಿಸೋ ಮುಂಚೆ ನಾನೇ ಹೇಳ್ತೀನಿ. ಆದ್ರೆ ಮಂಡಿ ಮೊಹಲ್ಲಾದ ಒಂದು ಹೆರಿಗೆ ವಾರ್ಡಿನ ಕಾಗದ ಇಡೀ ಪ್ರಪಂಚದ ಡಾಕ್ಟ್ರುಗಳಿಗೆ ಪಾಠ ಹೇಳ್ತು ಅನ್ನೋದನ್ನ ನಮ್ಮೂರಲ್ಲೇ ಎಷ್ಟು ಜನ ಬಲ್ಲರು? ಅರಮನೆ ಲೈಟಿಗೆ ಎಷ್ಟು ಬಲ್ಬು ಅಂತ ಕೇಳಿ, ಥಟ್ ಅಂತ ಹೇಳ್ತಾರೆ.

ನಮ್ಮಣ್ಣನ ಕತೆ ಕೇಳಿ. ಮೂವತ್ತೈದಕ್ಕೆ ಮೆಟ್ಟಲು ಹತ್ತಿದ್ರೆ ಏದುಸಿರು. ಎಕೋ (ಹೃದಯದ ಸ್ಕ್ಯಾನ್) ಮಾಡಿದ ಡಾಕ್ಟ್ರು ಹೃದಯದ ಕವಾಟ ಕಿರಿದಾಗಿದೆ, ಚಿಕ್ಕೋನಿದ್ದಾಗ ಜ್ವರ ಬಂದು ಕೀಲು ಊದಿತ್ತಾ ಅಂದ್ರು. ನಮ್ಮಮ್ಮ ಪಟ್ ಅಂತ, ಹೌದು ಸ್ವಾಮಿ, ಆರನೇ ಕ್ಲಾಸಲ್ಲಿ, ಗಂಟಲು ನೋವಾಗಿ ಹದಿನೈದು ದಿನಕ್ಕೆ ಮೊಣಕಾಲು ಕುಂಬಳಕಾಯಿ ಆಗಿತ್ತು, ಹರಳೆಣ್ಣೆ ತಿಕ್ಕಿದ್ವಿ ಅಂದ್ಳು. ಗಂಟಲ ಸೋಂಕಿನ ಬೆನ್ನಿಗೇ ಬಂದು ಹೃದಯದ ಕವಾಟ ಕೆಡಿಸೋ ರುಮ್ಯಾಟಿಕ್ ಜ್ವರ ಅದು. ಆವಾಗ್ಲೇ ಯಾರಾದ್ರೂ ಗುರುತಿಸಿ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಶುರು ಮಾಡಿದ್ದಿದ್ರೆ ಕವಾಟ ಉಳೀತಿತ್ತೇನೋ. ಆಗಿನ ಚೀಟಿ ಕೇಳಕ್ಕೆ ಆ ಆಸ್ಪತ್ರೆಗೆ ಹೋದೆ, ಹೆಸರು ಬೇಡ, ರೆಕಾರ್ಡ್ ರೂಮಿನವನು ಬೀಡಿ ಆರಿಸಿ ಅಂದ, "ಅದೆಲ್ಲ ಗೆದ್ದಲು ತಿಂತು ಸಾರ್, ಮಿಕ್ಕಿದ್ದು ರದ್ದಿಗೆ ಹಾಕಿದ್ವಿ."

ರದ್ದಿಗೆ! ಈ ದೇಶದಲ್ಲಿ ಮದುವೆ ಆಲ್ಬಮ್ಮಿಗೆ ಬೀರು, ಸೈಟಿನ ಪತ್ರಕ್ಕೆ ಲಾಕರ್, ಮಗುವಿನ ಡಿಸ್ಚಾರ್ಜ್ ಚೀಟಿಗೆ ಮಾತ್ರ ಬೋಂಡದ ಎಣ್ಣೆ. ಸ್ಕೂಲಲ್ಲಿ ಹುಟ್ಟಿದ ತಾರೀಖೇ ಜೂನ್ ಒಂದು ಅಂತ ಬರೆಸ್ಕೊಂಡು ಬಂದ ಜನ ನಾವು.

ಸರಿ, ಸಿಟ್ಟು ಸಾಕು. ಚೀಲ ಬಿಚ್ಚಿ, ವರ್ಷದ ಪ್ರಕಾರ ಜೋಡಿಸಿ. ಇಸಿಜಿ ಬರೋದು ಥರ್ಮಲ್ ಕಾಗದದಲ್ಲಿ, ಬಸ್ ಟಿಕೆಟ್ ಥರ ಕೆಲವು ವರ್ಷಕ್ಕೇ ಬೆಳ್ಳಗಾಗೋಗುತ್ತೆ, ಈ ವಾರವೇ ಜೆರಾಕ್ಸ್ ಮಾಡ್ಸಿ. ಮೊಬೈಲಲ್ಲಿ ಫೋಟೋ ಇದೆ ಅಂತ ನೆಮ್ಮದಿಯಾಗಿ ಕೂರ್ಬೇಡಿ, ಮೊಬೈಲು ಬಾತ್‌ರೂಮ್ ಬಕೆಟ್ಟಿಗೆ ಬೀಳೋದು ನನಗೆ ಗೊತ್ತು. ಅತ್ತೆನ ಕೂರಿಸ್ಕೊಂಡು ಯಾವ ವರ್ಷ, ಎಷ್ಟು ದಿನ, ಯಾವ ಔಷಧಿ ಅಂತ ಅವರ ಬಾಯಲ್ಲೇ ಹೇಳ್ಸಿ ಬರ್ಕೊಳ್ಳಿ, ಮುಂದಿನ ಚೆಕಪ್ಪಿಗೆ ಅದೊಂದು ಹಾಳೆ ಡಾಕ್ಟ್ರ ಮೇಜಿನ ಮೇಲಿಡಿ. ನಿಮ್ಮ ಮಕ್ಕಳದ್ದು ಬೇರೆ ಫೈಲು ಮಾಡಿ, ಅಪ್ಪನಿಗೆ ನಲವತ್ತೊಂದಕ್ಕೇ ಬಂದಿದೆ ಅನ್ನೋದು ಅದರ ಮೊದಲನೇ ಸಾಲಾಗಿರ್ಲಿ.

ಮೈದುನಂಗೆ ಅಂತ ಈ ಸಂಚಿಕೆದು ಇನ್ನೊಂದು ಪ್ರತಿ ಕಳಿಸ್ತಿದೀನಿ, ದುಡ್ಡು ಬೇಡ.