ಆಫ್ರಿಕಾದ ವಸಾಹತು ವಿರೋಧಿ ಹೋರಾಟದಲ್ಲಿ ನಾವು ಹೆಸರೇ ಕೇಳದ ಹೆಂಗಸರು ಯಾರು?

ನಾನು ಮೊದಲು ಹೇಳೋದು ನ್ವಾನ್ಯೆರುವಾ ಹೆಸರು. ನೈಜೀರಿಯಾದ ಓಲೊಕೊ ಊರಿನವಳು. 1929ರ ನವೆಂಬರಿನಲ್ಲಿ ಆಕೆ ತಾಳೆ ಎಣ್ಣೆ ತೆಗೆಯುತ್ತಿದ್ದಾಗ, ಬ್ರಿಟಿಷರು ನೇಮಿಸಿದ್ದ ಮುಖ್ಯಸ್ಥನ ಕಡೆಯವನೊಬ್ಬ ಬಂದು ನಿನ್ನ ಮೇಕೆ, ಕುರಿ, ಮನೆಮಂದಿ ಎಲ್ಲದರ ಲೆಕ್ಕ ಕೊಡು ಅಂದ. ಗಂಡಸರ ಮೇಲೆ ಆಗಲೇ ತೆರಿಗೆ ಬಿದ್ದಿತ್ತು, ಇನ್ನು ನಮ್ಮ ಸರದಿ ಅಂತ ಆಕೆಗೆ ಅನ್ನಿಸಿತು. ನಿನ್ನ ತಾಯಿಯನ್ನು ಎಣಿಸಿದ್ದಾರಾ ಅಂತ ತಿರುಗಿ ಕೇಳಿದಳು. ತಾಳೆ ಗರಿ ಕೈಯಿಂದ ಕೈಗೆ ದಾಟಿ ಊರೂರಿಗೆ ಸುದ್ದಿ ಮುಟ್ಟಿತು, ಸಾವಿರಾರು ಹೆಂಗಸರು ಮುಖ್ಯಸ್ಥರ ಮನೆಗಳನ್ನು ಸುತ್ತುವರಿದು, ಹಾಡಿ ಕುಣಿದು, ಅಧಿಕಾರದ ಟೋಪಿ ಬಿಚ್ಚಿ ಕೊಡು ಅಂತ ಪಟ್ಟು ಹಿಡಿದರು. ಗುಂಡೇಟಿಗೆ 50ಕ್ಕೂ ಜಾಸ್ತಿ ಹೆಂಗಸರು ಸತ್ತರು. ಎಂಥ ಅನ್ಯಾಯ ಅಲ್ವಾ! ಆದರೆ ಹೆಂಗಸರ ಮೇಲೆ ತೆರಿಗೆ ಬೀಳಲಿಲ್ಲ, ಆ ಮುಖ್ಯಸ್ಥರ ಪದ್ಧತಿಯನ್ನೂ ಬ್ರಿಟಿಷರು ಕೆಲವೇ ವರ್ಷಗಳಲ್ಲಿ ಕೈಬಿಡಬೇಕಾಯ್ತು.