ಜಾಗತೀಕರಣವು ಬಡತನವನ್ನು ತಗ್ಗಿಸಿದೆಯೇ, ಅಥವಾ ಮಾನವ ಹಕ್ಕುಗಳಿಗೂ ಪರಿಸರಕ್ಕೂ ಧಕ್ಕೆ ತಂದಿದೆಯೇ?

ಎರಡೂ ಒಟ್ಟಿಗೇ ನಡೆದಿವೆ ಎಂಬುದಕ್ಕೆ ಬಾಂಗ್ಲಾದೇಶದ ಸಿದ್ಧ ಉಡುಪು ಉದ್ಯಮವೇ ಸಾಕ್ಷಿ. ಆ ದೇಶದ ರಫ್ತು ಆದಾಯದಲ್ಲಿ ಶೇ. 80ಕ್ಕೂ ಹೆಚ್ಚು ಪಾಲನ್ನು ತರುವ ಈ ಉದ್ಯಮವು ಹಳ್ಳಿಗಳಿಂದ ಬಂದ ಲಕ್ಷಾಂತರ ಹೆಣ್ಣುಮಕ್ಕಳಿಗೆ ಸ್ವಂತ ಸಂಪಾದನೆಯ ದಾರಿ ತೆರೆಯಿತು. ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಬಿರುಕುಗಳು ಕಂಡಿದ್ದರೂ, ನಿಗದಿತ ದಿನಕ್ಕೆ ಸರಕು ಕಳುಹಿಸಬೇಕೆಂಬ ಒತ್ತಡದಲ್ಲಿ ಕಾರ್ಮಿಕರನ್ನು ಮತ್ತೆ ಒಳಗೆ ಕರೆಸಲಾಗಿತ್ತು. ನಿರಾಕರಿಸಲು ಬೇಕಾದ ಸಂಘಬಲ ಅವರಿಗಿರಲಿಲ್ಲ. ಆ ಬಳಿಕ ವಿದೇಶಿ ಬ್ರ್ಯಾಂಡ್‌ಗಳು ಕಾರ್ಮಿಕ ಸಂಘಟನೆಗಳೊಂದಿಗೆ ಮಾಡಿಕೊಂಡ, ಕಾನೂನಿನ ಬಲವುಳ್ಳ ಸುರಕ್ಷತಾ ಒಪ್ಪಂದದಿಂದ ಕಾರ್ಖಾನೆಗಳ ತಪಾಸಣೆ ನಿಜಕ್ಕೂ ಬಿಗಿಯಾಯಿತು. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ತ್ಯಾಜ್ಯನೀರು ಮಾತ್ರ ಢಾಕಾ ಸುತ್ತಲಿನ ನದಿಗಳಿಗೆ ಇಂದಿಗೂ ಸೇರುತ್ತಿದೆ, ಏಕೆಂದರೆ ಅದನ್ನು ಶುದ್ಧೀಕರಿಸಲು ತಗಲುವ ವೆಚ್ಚವನ್ನು ಉಳಿಸುವುದೇ ಹಲವು ಮಾಲೀಕರಿಗೆ ಲಾಭಕರವಾಗಿದೆ.