ಹೊಸ ಒಪೆರಾ, ಅಂದರೆ ಹಾಡಿನಲ್ಲೇ ಕಥೆ ಹೇಳುವ ನಾಟಕ, ರೂಪುಗೊಳ್ಳುವಾಗ ಪ್ರೇಕ್ಷಕರಿಗೂ ಪಾತ್ರವಿದೆಯೇ?

ಖಂಡಿತ ಇದೆ, ಅದೂ ಚಪ್ಪಾಳೆ ತಟ್ಟುವುದಕ್ಕಿಂತ ಜಾಸ್ತಿ.

ಇಟಲಿಯ ಸಂಗೀತ ಸಂಯೋಜಕ ಪುಚ್ಚೀನಿಯ ಒಪೆರಾ 'ಮದಾಮ ಬಟರ್‌ಫ್ಲೈ' ನೋಡಿ. 1904ರ ಫೆಬ್ರವರಿಯಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಮೊದಲ ರಾತ್ರಿಯೇ ಜನ ಕೂಗಾಡಿಬಿಟ್ಟರು. ಪುಚ್ಚೀನಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ತೀರಾ ಉದ್ದವಾಗಿದ್ದ ಎರಡನೇ ಅಂಕವನ್ನು ಎರಡಾಗಿ ಒಡೆದು ತಿದ್ದಿದರು. ಮೇ ತಿಂಗಳಲ್ಲಿ ಬ್ರೆಷಾ ಊರಿನಲ್ಲಿ ಅದೇ ಒಪೆರಾ ಗೆದ್ದಿತು.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಇಂಗ್ಲೆಂಡಿನ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟ್ಟನ್ ಹಿಡಿದ ದಾರಿ. 1949ರಲ್ಲಿ ಇಂಗ್ಲೆಂಡಿನ ಆಲ್ಡ್‌ಬರೋ ಎಂಬ ಕಡಲ ತೀರದ ಊರಿನಲ್ಲಿ 'ಲೆಟ್ಸ್ ಮೇಕ್ ಆ್ಯನ್ ಒಪೆರಾ' ಆಡಿದರು. ಮೊದಲ ಭಾಗದಲ್ಲಿ ಮಕ್ಕಳೂ ದೊಡ್ಡವರೂ ಸೇರಿ ಒಪೆರಾ ಒಂದನ್ನು ಕಟ್ಟುತ್ತಾರೆ. ಆಗಲೇ ಪ್ರೇಕ್ಷಕರಿಗೂ ಹಾಡಿನ ತಾಲೀಮು ನಡೆಯುತ್ತದೆ. ಆಮೇಲೆ ಬರುವುದು ಚಿಮಣಿ ಗುಡಿಸುವ ಪುಟ್ಟ ಹುಡುಗ ಸ್ಯಾಮ್‌ನ ಕಥೆ. ಅದರಲ್ಲಿ ನಾಲ್ಕು ಹಾಡು ಪ್ರೇಕ್ಷಕರದ್ದೇ. ರಾತ್ರಿಯ ಹಾಡಿಗೆ ಸಭೆಯನ್ನು ಗುಂಪುಗಳಾಗಿ ಮಾಡುತ್ತಾರೆ: ಒಂದು ಗುಂಪು ಗೂಬೆಯ ಹಾಗೆ ಕೂಗಿದರೆ ಇನ್ನೊಂದು ಕೊಕ್ಕರೆಯ ಹಾಗೆ, ಮತ್ತೊಂದು ಬೆಳವಕ್ಕಿಯ ಹಾಗೆ. ಸುಮ್ನೆ ಕೂತು ನೋಡಲು ಬಂದವರೇ ಆ ರಾತ್ರಿಯ ಕಾಡಾಗುತ್ತಾರೆ, ಎಷ್ಟು ಚೆಂದ ಅಲ್ವಾ!

ಬೈಬಲಿನ ನೋಹನ ಪ್ರಳಯದ ಕಥೆ ಹೇಳುವ, ಬ್ರಿಟ್ಟನ್ ಅವರದೇ 1958ರ 'ನೋಯ್ಸ್ ಫ್ಲಡ್' ಅಂತೂ ಆರ್ಫರ್ಡ್‌ನ ಚರ್ಚಿನೊಳಗೇ ನಡೆಯಿತು. ಹಗ್ಗಕ್ಕೆ ತೂಗುಹಾಕಿದ ಕಪ್ಪುಗಳನ್ನು ಮರದ ಚಮಚದಿಂದ ಬಡಿದು ಮಕ್ಕಳು ಮಳೆಹನಿಯ ಸದ್ದು ಹೊರಡಿಸಿದರು. ಪ್ರಳಯದ ಬಿರುಗಾಳಿ ಜೋರಾದಾಗ ಬಂದವರೆಲ್ಲ ಎದ್ದು, ತಮಗೆ ಮೊದಲೇ ಗೊತ್ತಿದ್ದ ಪ್ರಾರ್ಥನಾಗೀತೆಗೆ ದನಿಗೂಡಿಸಿದರು.